ಗಮ್ಮಿಗೆ ಬಿದ್ದ ಸುಣ್ಣ

ಸಿರುಮುಗೈಯ ನೇಕಾರರ ಬೀದಿಯಲ್ಲಿ ಕನ್ನಿಯಮ್ಮಾಳ ಗಂಜಿಯ ಬಗ್ಗೆ ಎದುರಾಡುವ ಗಂಡಸು ಹುಟ್ಟಿರಲಿಲ್ಲ. ಉಣ್ಣುವ ಗಂಜಿಯಲ್ಲ, ಮಗ್ಗಕ್ಕೆ ಏರಿಸುವ ಮುಂಚೆ ಹಾಸುನೂಲಿಗೆ ಬಳಿಯುವ ಗಂಜಿ. ಬೀದಿಯುದ್ದಕ್ಕೂ ನೂಲು ಎಳೆದು ಕಟ್ಟಿ, ಬಿಸಿಲೇರುವುದರೊಳಗೆ ಕುಂಚದಲ್ಲಿ ಬಳಿದು ಮುಗಿಸಬೇಕು. ತೆಳುವಾದರೆ ನೂಲು ಮಗ್ಗದಲ್ಲಿ ಪಟಪಟನೆ ಕಿತ್ತುಹೋಗುತ್ತದೆ, ಮಂದವಾದರೆ ಕಡ್ಡಿಯ ಹಾಗೆ ಸೆಟೆದುಕೊಳ್ಳುತ್ತದೆ. ಕನ್ನಿಯಮ್ಮಾಳ್ ಮೊಣಕೈವರೆಗೆ ತೋಳು ಅದ್ದಿ, ಮೇಲೆತ್ತಿ, ಬೆರಳ ತುದಿಯಿಂದ ಗಂಜಿ ಇಳಿಯುವ ಚೆಂದ ನೋಡಿ "ಆಯ್ತು" ಅಂದರೆ ಆಯಿತು. ತಳ್ಳಿದರೆ ಹರಿಯಬೇಕು, ಬಿಟ್ಟರೆ ನಿಲ್ಲಬೇಕು. ಅವಳು ಕಲಿತ ಶಾಸ್ತ್ರವೆಲ್ಲ ಅಷ್ಟೇ, ಅದರಲ್ಲೇ ಮೂವತ್ತು ವರ್ಷ ಬದುಕಿದ್ದಳು.

ಆಮೇಲೆ ಮಿಲ್ಲಿನಿಂದಲೇ ಗಂಜಿ ಬಳಿದು ಉರುಳೆಗೆ ಸುತ್ತಿದ ನೂಲು ಬರತೊಡಗಿತು. ಬೀದಿಯಲ್ಲಿ ನೂಲು ಕಟ್ಟುವುದು ನಿಂತಿತು. ಯಾರೂ ಅವಳನ್ನು ಬೇಡ ಅನ್ನಲಿಲ್ಲ, ಸುಮ್ಮನೆ ಕರೆಯುವುದನ್ನು ಬಿಟ್ಟರು. ಅದು ಇನ್ನೂ ಕೆಟ್ಟದ್ದು. ಬೇಡ ಅಂದವರ ಜೊತೆ ಜಗಳವಾದರೂ ಆಡಬಹುದಿತ್ತು.

ಹಾಗಾಗಿ ಎಂಬತ್ತಾರನೇ ಇಸವಿಯ ಪೊಂಗಲ್ ಮುಗಿದ ಮೇಲೆ, ಮಗಳು ವಿಜಯಕುಮಾರಿಯ ಕಾಟ ತಡೆಯಲಾರದೆ, ಎರಡು ಸೀರೆ, ಎಲೆಅಡಿಕೆಯ ಪೆಟ್ಟಿಗೆ ಹಿಡಿದುಕೊಂಡು ತಿರುಪ್ಪೂರಿನ ಬಸ್ಸು ಹತ್ತಿದಳು. ಅಳಿಯ ಅಂಗಪ್ಪನ್ ಅವರದೇ ಜಾತಿಯ, ಮನೆಯಲ್ಲಿ ಕನ್ನಡವನ್ನೇ ಆಡುವ ನೇಕಾರರ ಮಗ, ಆದರೆ ಮಗ್ಗ ಬಿಟ್ಟು ಬನಿಯನ್ನಿಗೆ ಚಿತ್ರ ಅಚ್ಚೊತ್ತುವ ಕೆಲಸಕ್ಕೆ ಇಳಿದಿದ್ದ. ಮನೆಯ ಪಕ್ಕಕ್ಕೇ ತಗಡಿನ ಶೆಡ್ಡು, ಅದರೊಳಗೆ ಎರಡು ಉದ್ದನೆಯ ಮೇಜು. ಮನೆಗೂ ಶೆಡ್ಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಅಲ್ಲಿ ಯಾರು ಕೆಮ್ಮಿದರೂ ಇಲ್ಲಿ ಅಡುಗೆಮನೆಗೆ ಕೇಳಿಸುತ್ತಿತ್ತು.

ಅತ್ತೆ ಅಳಿಯನ ಜೊತೆ ಎದುರೆದುರು ಮಾತಾಡಬಾರದು ಅನ್ನುವುದು ಅವರ ಕಡೆಯ ಪದ್ಧತಿ. ಮದುವೆಯಾಗಿ ಒಂಬತ್ತು ವರ್ಷವಾದರೂ ಕನ್ನಿಯಮ್ಮಾಳ್ ಅದನ್ನು ಒಂದು ದಿನ ಮುರಿದವಳಲ್ಲ, ಅಂಗಪ್ಪನೂ ಅಷ್ಟೇ. ಅವನು ಹಜಾರದಲ್ಲಿ ನಿಂತು ಗೋಡೆಯ ಕ್ಯಾಲೆಂಡರಿಗೆ ಹೇಳುವವನ ಹಾಗೆ, ವಿಜಯಾ, ನಿಮ್ಮಮ್ಮನಿಗೆ ಮಂಡಿನೋವಿನ ಮಾತ್ರೆ ತಂದಿದ್ದೀನಿ ಅಂತ ಹೇಳು, ಅನ್ನುತ್ತಿದ್ದ. ಅತ್ತೆ ನಾಲ್ಕು ಅಡಿ ದೂರದಲ್ಲಿ, ಅಡುಗೆಮನೆ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿರುತ್ತಿದ್ದಳು. ಆದರೂ ವಿಜಯಕುಮಾರಿ ಬಂದು ಅದನ್ನೇ ಇನ್ನೊಮ್ಮೆ ಹೇಳಬೇಕು, ಉತ್ತರವನ್ನು ತಿರುಗಿ ಒಯ್ಯಬೇಕು. ಪಾಪ, ಆ ಹುಡುಗಿಯ ಅರ್ಧ ಆಯುಷ್ಯ ಹಜಾರಕ್ಕೂ ಅಡುಗೆಮನೆಗೂ ನಡುವೆ ಸವೆಯುತ್ತಿತ್ತು.

ಶೆಡ್ಡಿನಲ್ಲಿ ಬಣ್ಣ ಕಲಸಲು ಒಂದು ಪುಡಿ ತರಿಸುತ್ತಿದ್ದರು. ಕಡಲಪಾಚಿಯಿಂದ ತೆಗೆದದ್ದಂತೆ, ಚೀಲದ ಮೇಲೆ ಅದಕ್ಕೆ ದೊಡ್ಡ ಹೆಸರಿತ್ತು, ಎಲ್ಲರೂ ಕರೆಯುತ್ತಿದ್ದದ್ದು ಗಮ್ಮು ಎಂದು. ನೀರಿಗೆ ಉದುರಿಸಿ ಕಲಕಿದರೆ ಒಂದೊಂದು ಕಾಳೂ ನೀರು ಕುಡಿದು ಉಬ್ಬಿ, ರಾತ್ರಿ ಕಳೆಯುವುದರೊಳಗೆ ಒಂದು ಪಡಿ ಪುಡಿ ಇಪ್ಪತ್ತು ಪಡಿ ನೀರನ್ನು ನುಂಗಿ ಕೂತಿರುತ್ತಿತ್ತು. ಬೆಳಿಗ್ಗೆ ಅದಕ್ಕೆ ಬಣ್ಣ ಬೆರೆಸಿ, ಜಾಲರಿಯ ಚೌಕಟ್ಟಿನ ಮೇಲೆ ಸುರಿದು, ರಬ್ಬರಿನ ಪಟ್ಟಿಯಿಂದ ಎಳೆದರೆ ಕೆಳಗಿನ ಬನಿಯನ್ನಿನ ಮೇಲೆ ಚಿತ್ರ ಮೂಡುತ್ತಿತ್ತು. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಕನ್ನಿಯಮ್ಮಾಳ್ ಆ ಗಮ್ಮಿಗೆ ಎರಡು ಬೆರಳು ಅದ್ದಿ ನೋಡಿದಳು. ತಳ್ಳಿದರೆ ಹರಿಯಿತು, ಬಿಟ್ಟರೆ ನಿಂತಿತು. ಅವಳಿಗೆ ತವರಿನ ಕಡೆಯವರು ಸಿಕ್ಕಷ್ಟು ಖುಷಿಯಾಯಿತು.

ಆದರೆ ಶೆಡ್ಡಿಗೆ ಆರು ತಿಂಗಳಿಂದ ಒಂದು ಪೀಡೆ ಗಂಟುಬಿದ್ದಿತ್ತು. ಗಮ್ಮಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಂಟುಗಳು ಉಳಿದು ಜಾಲರಿಯ ಕಣ್ಣು ಕಟ್ಟುತ್ತಿದ್ದವು, ಅಚ್ಚಿನಲ್ಲಿ ಬಿಳಿ ಚುಕ್ಕೆ ಬೀಳುತ್ತಿತ್ತು. ಈಗ ಬಂದಿದ್ದ ಕೆಲಸ ಹೊರದೇಶಕ್ಕೆ ಹೋಗುವ ಐನೂರು ಮಕ್ಕಳ ಬನಿಯನ್ನು, ಎದೆಯ ಮೇಲೆ ಒಂದು ನೀಲಿ ಆನೆ. ಸೋಮವಾರ ಏಜೆಂಟು ಬಂದು ನೋಡಿ ಒಪ್ಪಿದರೆ ಮುಂದೆ ವರ್ಷವಿಡೀ ಕೆಲಸ. ಮಾದರಿಗೆ ಹೊಡೆದ ಆನೆಗಳೋ, ಒಂದೊಂದೂ ಸಿಡುಬು ಎದ್ದವರ ಹಾಗಿದ್ದವು.

ಬೈಗುಳವೆಲ್ಲ ಪೆರಿಯಸಾಮಿಯ ತಲೆಗೆ. ಗಮ್ಮು ಕಲಸುವುದು, ಅಚ್ಚು ಎಳೆಯುವುದು ಎರಡೂ ಅವನದೇ. ಐವತ್ತರ ಹತ್ತಿರದ ಮನುಷ್ಯ, ಇಪ್ಪತ್ತು ವರ್ಷದಿಂದ ಇದೇ ಕೆಲಸ, ಮಾತು ಕಡಿಮೆ. ಸರಿಯಾಗಿ ಕಲಕುತ್ತಿಲ್ಲ, ಕೈಯಲ್ಲಿ ದಮ್ಮಿಲ್ಲ ಎಂದು ಅಂಗಪ್ಪನ್ ದಿನಾ ಗೊಣಗಿದರೆ, ಅವನು ಮರುದಿನ ಇನ್ನೊಂದು ಗಂಟೆ ಹೆಚ್ಚು ಕಲಕುತ್ತಿದ್ದ. ಗೋಡೆಯ ಈಚೆ ಬದಿಗೆ ಅವನ ಏದುಸಿರು ಕೇಳಿಸುತ್ತಿತ್ತು.

ಆ ಶುಕ್ರವಾರ ವಿಜಯಕುಮಾರಿ ಮಕ್ಕಳಿಬ್ಬರನ್ನೂ ಕರೆದುಕೊಂಡು ಸಿಂಗಾನಲ್ಲೂರಿಗೆ ನಾದಿನಿಯ ಮಗುವಿನ ಕಿವಿ ಚುಚ್ಚುವ ಶಾಸ್ತ್ರಕ್ಕೆ ಹೋದಳು, ಭಾನುವಾರ ಬರುವವಳು. ಮನೆಯಲ್ಲಿ ಮಾತೇ ನಿಂತುಹೋಯಿತು. ಕನ್ನಿಯಮ್ಮಾಳ್ ಊಟ ಬಡಿಸಿ ಮುಚ್ಚಿಟ್ಟು ಒಳಗೆ ಸರಿಯುವಳು, ಅಂಗಪ್ಪನ್ ಉಂಡು, ತಟ್ಟೆ ತೊಳೆದು, ಬೇಕೆಂದೇ ಸ್ವಲ್ಪ ಸದ್ದು ಮಾಡಿ ಇಡುವನು. ಮುಗಿಯಿತು ಅನ್ನುವುದಕ್ಕೆ ಅದೇ ಗುರುತು. ರಾತ್ರಿ ಅವನು ಹೋಗಿ ಸ್ನೇಹಿತನ ಮನೆಯಲ್ಲಿ ಮಲಗುತ್ತಿದ್ದ.

ಚಿತ್ತಿರೆ ತಿಂಗಳ ಬೇಸಿಗೆಯ ಸೆಕೆ. ಅಂದಿನ ಗಮ್ಮು ಮಧ್ಯಾಹ್ನಕ್ಕೇ ಹುಳಿ ನಾತ ಹೊಡೆದು ನೀರಾಗಿ, ಚರಂಡಿಗೆ ಸುರಿದಿದ್ದರು. ಸಾಯಂಕಾಲ ಪೆರಿಯಸಾಮಿ ಚೀಲದಲ್ಲಿ ಉಳಿದಿದ್ದ ಕೊನೆಯ ಪುಡಿಯನ್ನೆಲ್ಲ ಕಲಸಿ, ಪೀಪಾಯಿಗೆ ಒದ್ದೆ ಗೋಣಿ ಹೊದಿಸಿ ಹೊರಟ. ಈ ಸೆಕೆಗೆ ಇದೂ ನಾಳೆ ಬೆಳಿಗ್ಗೆ ಹುಳಿಯಾದರೆ ನಮ್ಮ ಕಥೆ ಅಷ್ಟೇ ಎಂದು ತಮಿಳಿನಲ್ಲಿ ತನಗೆ ತಾನೇ ಹೇಳಿಕೊಂಡದ್ದು ಗೋಡೆ ದಾಟಿ ಬಂತು.

ಕನ್ನಿಯಮ್ಮಾಳಿಗೆ ನಗು ಬಂತು. ಗಂಜಿ ಹುಳಿಯಾಗದಂತೆ ಇಡುವುದೂ ಒಂದು ದೊಡ್ಡ ವಿದ್ಯೆಯೇ? ಸಿರುಮುಗೈಯಲ್ಲಿ ಗಂಜಿಯ ಹಂಡೆಗೆ ಒಂದು ಉಂಡೆ ಎಲೆಸುಣ್ಣ ಕದಡಿ ಹಾಕಿದರೆ ಮೂರು ದಿನ ಕಮಕ್ ಕಿಮಕ್ ಅನ್ನುತ್ತಿರಲಿಲ್ಲ. ಅಳಿಯನನ್ನು ಒಂದು ಮಾತು ಕೇಳಬೇಕು ಅಂತಲೂ ಅನ್ನಿಸಿತು. ಯಾರ ಬಾಯಲ್ಲಿ ಕೇಳಿಸುವುದು? ಮಗಳು ಊರಲ್ಲಿಲ್ಲ. ಕೇಳಲಾಗದಿದ್ದರೇನು, ಮಾಡಬಹುದಲ್ಲ. ಎಲೆಅಡಿಕೆಯ ಪೆಟ್ಟಿಗೆಯಿಂದ ನಿಂಬೆಹಣ್ಣಿನಷ್ಟು ಸುಣ್ಣ ತೆಗೆದು, ಚೊಂಬು ನೀರಿನಲ್ಲಿ ಕದಡಿಕೊಂಡು ಶೆಡ್ಡಿಗೆ ಹೋದಳು. ಗೋಣಿ ಸರಿಸಿ ಹೊಯ್ದು, ತೋಳನ್ನು ಮೊಣಕೈವರೆಗೆ ಅದ್ದಿ ಕಲಕಿದಳು. ಎಷ್ಟು ದಿನವಾಗಿತ್ತು ಹೀಗೆ ಕಲಕಿ. ಕೈಗೆ ಗಮ್ಮು ಒಂಥರಾ ಬಿಗಿಯಾಗುತ್ತಾ ಬೆರಳು ಹಿಡಿಯಿತು. ಗಂಜಿ ಹೀಗೆ ಮಾಡುತ್ತಿರಲಿಲ್ಲ. ಕಡಲಿನ ಸರಕು, ಇನ್ನೂ ಗಟ್ಟಿಗಿತ್ತಿ ಇರಬೇಕು ಎಂದುಕೊಂಡು, ಸಮಾಧಾನದಿಂದ ಹೋಗಿ ಮಲಗಿದಳು.

ಬೆಳಿಗ್ಗೆ ಪೆರಿಯಸಾಮಿ ಗೋಣಿ ತೆಗೆದವನು ಹಾಗೇ ನಿಂತುಬಿಟ್ಟ. ಪೀಪಾಯಿ ತುಂಬ ಗಮ್ಮು ತಾಟಿನುಂಗಿನ ಹಾಗೆ ಹೆಪ್ಪುಗಟ್ಟಿತ್ತು. ಕೋಲು ಚುಚ್ಚಿದರೆ ಕೋಲು ನೆಟ್ಟಗೆ ನಿಂತಿತು. ರಾತ್ರಿಯೆಲ್ಲ ಬಿಗಿದುಕೊಂಡು, ಕುಡಿದ ನೀರನ್ನು ಹಿಂಡಿ ಹೊರಗೆ ಬಿಟ್ಟಿತ್ತೋ ಏನೋ, ಸುತ್ತಂಚಿನಲ್ಲಿ ಒಂದು ಬೆರಳು ನೀರು ನಿಂತಿತ್ತು. ಅಂಗಪ್ಪನ್ ಬಂದು ನೋಡಿದ. ಆರು ತಿಂಗಳ ಚುಕ್ಕೆಯ ಸಿಟ್ಟೆಲ್ಲ ಒಂದೇ ಸಲಕ್ಕೆ ಬಂತು. ಏನು ಬೆರೆಸಿದೆ, ಯಾರು ಹೇಳಿಕೊಟ್ಟರು ಎಂದು ಕೂಗಾಡಿದ. ಏನೂ ಬೆರೆಸಿಲ್ಲ ಎಂದು ಪೆರಿಯಸಾಮಿ ಮೂರು ಸಲ ಹೇಳಿದ. ನಾಳೆಯಿಂದ ಬರಬೇಡ ಅಂದಾಗ ನಾಲ್ಕನೇ ಸಲ ಹೇಳಲಿಲ್ಲ. ಕೈ ತೊಳೆದುಕೊಂಡು, ಬಿಚ್ಚದ ಬುತ್ತಿಯನ್ನು ಎತ್ತಿಕೊಂಡು ಹೊರಟುಹೋದ.

ಗೋಡೆಯ ಈಚೆ ಕನ್ನಿಯಮ್ಮಾಳ್ ಒಲೆಯ ಮುಂದೆ ಕುಸಿದು ಕೂತಳು. ಯಾರೂ ಹೇಳಬೇಕಾಗಿರಲಿಲ್ಲ. ನಿನ್ನೆ ಬೆರಳು ಹಿಡಿದ ಆ ಬಿಗಿ ನೆನಪಾಯಿತು. ಎದ್ದು ಹೋಗಿ ಹೇಳಬೇಕೆಂದು ಬಾಗಿಲವರೆಗೆ ಬಂದಳು, ಬಿಚ್ಚದ ಬುತ್ತಿ ಹಿಡಿದು ಬೀದಿ ಸೇರುತ್ತಿದ್ದ ಪೆರಿಯಸಾಮಿ ಕಂಡ, ಆದರೂ ಕಾಲು ಹೊಸ್ತಿಲು ದಾಟಲಿಲ್ಲ. ಒಂಬತ್ತು ವರ್ಷ ಆಡದ ಬಾಯಿ, ಮೊದಲ ಮಾತೇ ಇದಾಗಬೇಕೆ ಎಂದು ನಾಚಿಕೆ. ಕೈಯ ಹೆಸರು ಒಂದೇ ಅವಳಿಗೆ ಉಳಿದಿದ್ದ ಆಸ್ತಿ, ಅದನ್ನೂ ತಾನೇ ಹೋಗಿ ಚರಂಡಿಗೆ ಸುರಿಯಬೇಕೆ ಎಂದು ಭಯ. ಅಷ್ಟರಲ್ಲಿ ಸ್ಕೂಟರಿನ ಸದ್ದಾಯಿತು. ಅಂಗಪ್ಪನ್ ಹೊಸ ಪುಡಿ ಹುಡುಕಿಕೊಂಡು ಹೊರಟಿದ್ದ.

ಅವಳು ಶೆಡ್ಡಿಗೆ ಹೋದಳು. ಅಳುವುದಕ್ಕಲ್ಲ. ಅಳುವ ಜಾತಿಯ ಹೆಂಗಸಲ್ಲ ಅವಳು. ಕೆಟ್ಟ ಗಂಜಿಯನ್ನು ನೋಡದೆ ಬಿಡುವುದು ಅವಳ ಕೈಲಾಗುತ್ತಿರಲಿಲ್ಲ.

ಒಂದು ಗಡ್ಡೆ ಕತ್ತರಿಸಿ ಬಾವಿಯ ನೀರಿಗೆ ಹಾಕಿದಳು. ಅದು ಕಲ್ಲಿನ ಹಾಗೆ ತಳದಲ್ಲಿ ಕೂತಿತು, ಅಲುಗಲಿಲ್ಲ. ಬಿಸಿನೀರಿಗೆ ಹಾಕಿದಳು, ಆಗಲೂ ಕರಗಲಿಲ್ಲ. ಹಿಸುಕಿದರೆ ನೀರು ಬಿಟ್ಟಿತು, ಹರಿಯಲಿಲ್ಲ. ಕಾಳುಗಳು ಒಂದನ್ನೊಂದು ಕೈಕೈ ಹಿಡಿದು ಕೂತಿವೆ, ಹಿಡಿಸಿದ್ದು ಸುಣ್ಣ. ಹಾಗಾದರೆ ಸುಣ್ಣವನ್ನು ಅಲ್ಲಿಂದ ಎಬ್ಬಿಸಬೇಕು. ಸುಣ್ಣ ಯಾವುದಕ್ಕೆ ಹೆದರುತ್ತದೆ? ನೂಲು ಬೇಯಿಸುವ ದಿನಗಳು ಅವಳ ತಲೆಯಲ್ಲಿ ಓಡಿದವು. ಬೇಸಿಗೆಯಲ್ಲಿ ಹೊಳೆ ಬತ್ತಿ ಬಾವಿಯ ಗಡಸು ನೀರೇ ಗತಿಯಾದಾಗ ಸೋಪು ನೊರೆ ಕೊಡುತ್ತಿರಲಿಲ್ಲ. ಆಗ ಒಂದು ಹಿಡಿ ಸೋಡಾ ಹಾಕಿ ಬಿಟ್ಟರೆ, ನೀರಿನೊಳಗಿನ ಸುಣ್ಣವೆಲ್ಲ ಬಿಳಿ ಹುಡಿಯಾಗಿ ತಳಕ್ಕೆ ಇಳಿದು, ಮೇಲಿನ ನೀರು ಮೆತ್ತಗಾಗುತ್ತಿತ್ತು. ನೀರಿನಿಂದ ಇಳಿಯುವ ಸುಣ್ಣ ಗಮ್ಮಿನಿಂದ ಯಾಕೆ ಇಳಿಯಬಾರದು?

ಬಟ್ಟೆ ಒಗೆಯುವ ಸೋಡಾ ಮನೆಯಲ್ಲೇ ಇತ್ತು. ಚೊಂಬಿನಲ್ಲಿ ಕದಡಿ ಗಡ್ಡೆ ಹಾಕಿ, ಎದುರಿಗೇ ಕುಕ್ಕರುಗಾಲಲ್ಲಿ ಕೂತಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗಡ್ಡೆಯ ಅಂಚು ಗಾಜಿನಂತೆ ತಿಳಿಯಾಯಿತು, ಗಡ್ಡೆ ಉಬ್ಬಿತು, ಮತ್ತೆ ನೀರು ಕುಡಿಯತೊಡಗಿತು. ಗಂಟೆ ಕಳೆಯುವುದರೊಳಗೆ ಸಡಿಲಾಗಿ, ಬೆರಳಾಡಿಸಿದರೆ ಬೆರಳ ಹಿಂದೆಯೇ ಸುತ್ತಿ ಬಂತು. ಚೊಂಬಿನ ತಳದಲ್ಲಿ ಬಿಳಿ ಹುಡಿ ಕೂತಿತ್ತು. ಬೆರಳು ಮೇಲೆತ್ತಿ ನೋಡಿದಳು. ತುದಿಯಿಂದ ಉದ್ದನೆಯ ಎಳೆಯಾಗಿ ಇಳಿದು, ಕಡಿದು, ನಿಂತಿತು.

ಮಧ್ಯಾಹ್ನ ಅಂಗಪ್ಪನ್ ಬರಿಗೈಯಲ್ಲಿ ಬಂದ. ಪುಡಿ ಇಡೀ ತಿರುಪ್ಪೂರಿನಲ್ಲಿ ಇರಲಿಲ್ಲ, ಕೊಯಮತ್ತೂರಿನ ಅಂಗಡಿಗೂ ಸರಕು ಬರುವುದು ಸೋಮವಾರ. ಶೆಡ್ಡಿನ ಮೆಟ್ಟಿಲ ಮೇಲೆ ಕೂತು ತಲೆ ಕೈಯಲ್ಲಿ ಹಿಡಿದುಕೊಂಡ.

ಬಾಗಿಲ ಹಿಂದೆ ಚೊಂಬು ಹಿಡಿದು ನಿಂತ ಕನ್ನಿಯಮ್ಮಾಳಿಗೆ ಒಂದು ಕೆಟ್ಟ ಯೋಚನೆ ಬಂತು. ಬಂತು ಅನ್ನುವುದನ್ನು ಮುಚ್ಚಿಡುವುದೇಕೆ, ಯಾರಿಗಾದರೂ ಬರುತ್ತಿತ್ತು. ಚೊಂಬನ್ನು ಸುಮ್ಮನೆ ಅವನ ಪಕ್ಕದಲ್ಲಿ ಇಟ್ಟು, ಸೋಡಾದ ಡಬ್ಬಿಯನ್ನೂ ಇಟ್ಟು ಒಳಗೆ ಹೋದರೆ ಸಾಕು. ಅವನಿಗೆ ಅರ್ಥವಾಗುತ್ತದೆ. ಪೆರಿಯಸಾಮಿ ಕೆಡಿಸಿದ್ದನ್ನು ಅತ್ತೆ ಸರಿಮಾಡಿದಳು ಎಂದು ಬೀದಿಯೆಲ್ಲ ಹೇಳುತ್ತದೆ. ಸಿರುಮುಗೈಗೂ ಸುದ್ದಿ ಮುಟ್ಟುತ್ತದೆ. ಅವಳ ಕೈಗೆ ಹೋದ ಹೆಸರು ದುಪ್ಪಟ್ಟಾಗಿ ತಿರುಗಿ ಬರುತ್ತದೆ. ಇಷ್ಟೆಲ್ಲಾ ಮನಸ್ಸಿನಲ್ಲಿ ಲೆಕ್ಕ ಹಾಕಿದಳು, ಆದರೆ ಆ ಬಿಚ್ಚದ ಬುತ್ತಿ ಕಣ್ಣಿನಿಂದ ಹೋಗಲಿಲ್ಲ. ಕರೆಯುವುದನ್ನು ಬಿಟ್ಟ ಮೇಲೆ ಕೆಲಸಗಾರ ಮನೆಯಲ್ಲಿ ಹೇಗೆ ಕೂತಿರುತ್ತಾನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸೆರಗು ಹೊದ್ದುಕೊಂಡು ಹೊಸ್ತಿಲು ದಾಟಿದಳು.

"ಮಾಪಿಳ್ಳೆ," ಅಂದಳು. ಅಳಿಯನನ್ನು ಅವರ ಕಡೆ ಹಾಗೇ ಕರೆಯುವುದು, ಆದರೆ ಅವನ ಮುಖ ನೋಡಿ ಕರೆದದ್ದು ಅದೇ ಮೊದಲು. "ಆ ಗಮ್ಮಿಗೆ ಸುಣ್ಣ ಹಾಕಿದ್ದು ನಾನು. ನೆನ್ನೆ ಸಾಯಂಕಾಲ. ಹುಳಿಯಾಗ್ದೆ ಇರ್ಲಿ ಅಂತ ಹಾಕ್ದೆ. ಪೆರಿಯಸಾಮಿ ತಪ್ಪು ಒಂದೂ ಇಲ್ಲೀಂಗ."

ಅಂಗಪ್ಪನ್ ದಡಬಡಿಸಿ ಎದ್ದು ನಿಂತ. "ವಿಜಯಾ, ನಿಮ್ಮಮ್ಮ ಏನು..." ಎಂದು ಅಭ್ಯಾಸಬಲದಿಂದ ಬಾಗಿಲ ಕಡೆ ತಿರುಗಿದ. ವಿಜಯಾ ಸಿಂಗಾನಲ್ಲೂರಿನಲ್ಲಿ ಕಿವಿ ಚುಚ್ಚಿದ ಮನೆಯ ಪಾಯಸ ಕುಡಿಯುತ್ತಿದ್ದಳು. ಅವನು ಮೆಲ್ಲಗೆ ಇತ್ತ ತಿರುಗಿದ. ಮುಖ ಕೆಂಪಾಯಿತು. ಅತ್ತೆಯನ್ನು ಬಯ್ಯುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಆ ಕೆಲಸಕ್ಕೆ ಒಂಬತ್ತು ವರ್ಷದಲ್ಲಿ ರೂಢಿಯೇ ಆಗಿರಲಿಲ್ಲ. ಕೊನೆಗೆ ಕೇಳಿದ್ದು ಒಂದೇ ಮಾತು. "ನನ್ನನ್ನ ಒಂದು ಮಾತು ಕೇಳ್ಬಾರ್ದಾಗಿತ್ತಾ ಅತ್ತೆ?"

"ಹೆಂಗೆ ಕೇಳ್ಲೀಂಗ?" ಅಂದಳು ಅವಳು.

ಅವಳು ಚೊಂಬನ್ನು ಮುಂದೆ ಹಿಡಿದು ಬೆರಳಾಡಿಸಿ ತೋರಿಸಿದಳು. ಅವನು ಕಣ್ಣರಳಿಸಿ ನೋಡಿದ, ತಾನೂ ಬೆರಳು ಹಾಕಿದ. ಆಮೇಲೆ ಇಬ್ಬರೂ ಸೇರಿ ಪೀಪಾಯಿಯ ಹೆಪ್ಪನ್ನು ಕತ್ತಿಯಲ್ಲಿ ಕೊಚ್ಚಿದರು. ಸೋಡಾ ಎಷ್ಟು ಅನ್ನುವುದರ ಮೇಲೆ ಸಣ್ಣ ಚರ್ಚೆಯೂ ಆಯಿತು. ಅವನು ಒಮ್ಮೆಗೇ ಸುರಿಯೋಣ ಅಂದ, ಅವಳು ಕೂಡದು ಅಂದಳು; ಸ್ವಲ್ಪ ಸ್ವಲ್ಪವೇ ಕುಡಿಸಬೇಕು, ಅಂಚು ಸಡಿಲಾದ ಮೇಲೆ ಒಳಗಿನದು. ಮೂರು ಗಂಟೆ ಹಿಡಿಯಿತು. ಹಳೆಯ ತೆಳು ಮಲ್ ಬಟ್ಟೆಯಲ್ಲಿ ಎರಡು ಸಲ ಸೋಸಿದಾಗ ಬಟ್ಟೆಯಲ್ಲಿ ಬಿಳಿ ಕೆಸರು ಉಳಿಯಿತು, ಕೆಳಗೆ ಗಮ್ಮು ನುಣ್ಣಗೆ ಇಳಿಯಿತು. ನೀಲಿ ಬೆರೆಸಿ ಅಂಗಪ್ಪನ್ ಒಂದು ಬನಿಯನ್ನಿಗೆ ಅಚ್ಚು ಎಳೆದ. ಪೆರಿಯಸಾಮಿಯ ಕೈಯಲ್ಲ, ಆನೆಯ ಸೊಂಡಿಲು ಸ್ವಲ್ಪ ಸೊಟ್ಟಗಾಯಿತು. ಆದರೆ ಮೈಮೇಲೆ ಒಂದು ಚುಕ್ಕೆ ಇರಲಿಲ್ಲ.

ಅಂಗಪ್ಪನ್ ಅದನ್ನು ಬಿಸಿಲಿಗೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದ. ಇದ್ದಕ್ಕಿದ್ದಂತೆ ಎದ್ದುಹೋಗಿ ಕೆಲಸದವರಿಗೆ ಚಹಾ ಕಾಯಿಸುವ ಪಾತ್ರೆಯನ್ನು ತಂದ. ಒಳಗೆಲ್ಲ ಬಿಳಿ ಹಕ್ಕಳೆ ಕಟ್ಟಿತ್ತು. ಉಗುರಿನಿಂದ ಕೆರೆದು ಅವಳ ಅಂಗೈಗೆ ಹಾಕಿದ.

"ಅತ್ತೆ, ಇದೂ ಸುಣ್ಣ ತಾನೆ?"

"ಆಮಾಂಗ, ಸುಣ್ಣಾನೇ. ನಿಮ್ಮೂರು ಬಾವಿ ನೀರಲ್ಲೇ ಇದೆ."

"ಗಮ್ಮು ಕಲಸೋದೂ ಇದೇ ನೀರಲ್ಲೇ."

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅವಳು ಒಂದು ಉಂಡೆ ಹಾಕಿ ಪೀಪಾಯಿಯನ್ನೇ ಹೆಪ್ಪು ಮಾಡಿದ್ದಳು. ಮಳೆ ಕೈಕೊಟ್ಟು ನೀರು ತಳ ಸೇರಿದ್ದ ಬಾವಿ ಆರು ತಿಂಗಳಿಂದ ದಿನಾ ಚಿಟಿಕೆ ಚಿಟಿಕೆ ಹಾಕಿ, ಕಣ್ಣಿಗೆ ಕಾಣದ ಗಂಟು ಮಾಡುತ್ತಿತ್ತು. ನೀರಿಗೆ ಮೊದಲೇ ಸೋಡಾ ಹಾಕಿ, ಬಿಳಿ ಇಳಿದ ಮೇಲೆ ತಿಳಿಯನ್ನು ಬಸಿದುಕೊಂಡು ಗಮ್ಮು ಕಲಸಿದರೆ ಮುಗಿಯಿತು. ಇಷ್ಟು ಸಣ್ಣ ವಿಷಯಕ್ಕೆ ಅಂಗಪ್ಪನ್ ಎರಡು ಸಲ ಪುಡಿಯ ಅಂಗಡಿ ಬದಲಿಸಿದ್ದ, ದಿನಾ ಒಬ್ಬ ಮನುಷ್ಯನ ಕೈಯನ್ನು ಹಳಿದಿದ್ದ. ಅವನು ಮತ್ತೆ ಮೆಟ್ಟಿಲ ಮೇಲೆ ಕೂತ. ನೀವು ಹೇಳದೇ ಇದ್ದಿದ್ದರೆ ನನಗೆ ಇದು ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ ಅಂದ. ಧ್ವನಿ ಸಣ್ಣದಾಗಿತ್ತು. ಅವಳಿಗೆ ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಆಗ ಇಳಿಯಿತು.

ಆದರೆ ಅರ್ಧ ಮಾತ್ರ. ಪೆರಿಯಸಾಮಿಯನ್ನು ಕರೆತರುತ್ತೇನೆಂದು ಅಂಗಪ್ಪನ್ ಸ್ಕೂಟರು ತೆಗೆದಾಗ, ನಾನೂ ಬರಬೇಕು ಅಂದಳು. ನೀವು ಯಾಕೆ ಎಂದು ಅವನು ಕೇಳಲಿಲ್ಲ. ಅತ್ತೆ ಅಳಿಯನ ಸ್ಕೂಟರಿನ ಹಿಂದೆ ಎರಡೂ ಕಾಲು ಒಂದೇ ಬದಿಗೆ ಹಾಕಿ, ಸ್ಟೆಪ್ನಿಯನ್ನು ಗಟ್ಟಿಯಾಗಿ ಹಿಡಿದು ಕೂತು ನೊಯ್ಯಲ್ ಹೊಳೆಯ ಸೇತುವೆ ದಾಟಿದ್ದನ್ನು ಎದುರುಮನೆಯ ನಾಚಿಯಮ್ಮ ಒಂದು ವಾರ ಹೇಳಿಕೊಂಡು ತಿರುಗಿದಳಂತೆ. ಹೇಳಲಿ.

ಪೆರಿಯಸಾಮಿ ಮನೆಯ ಮುಂದಿನ ಕಲ್ಲಿನ ಮೇಲೆ ಬನಿಯನ್ನಿನಲ್ಲಿ ಕೂತಿದ್ದ. ಇವರನ್ನು ಕಂಡು ಎದ್ದ. ಅವನ ಹೆಂಡತಿ ರಾಮಾಯಿ ಮೊಗ್ಗು ಕಟ್ಟುತ್ತಿದ್ದ ಕೈ ನಿಲ್ಲಿಸಿ ನೋಡಿದಳು. ಕನ್ನಿಯಮ್ಮಾಳ್ ಕೂರಲಿಲ್ಲ. ನಿಂತುಕೊಂಡೇ, ತನ್ನ ಹಳ್ಳಿಯ ತಮಿಳಿನಲ್ಲಿ, ಸುಣ್ಣ ಹಾಕಿದ್ದು ನಾನು, ಬೆಳಿಗ್ಗೆ ಸುಮ್ಮನಿದ್ದದ್ದೂ ನಾನು, ಎರಡೂ ತಪ್ಪೇ ಎಂದು ಹೇಳಿದಳು. ಬಾವಿಯ ನೀರಿನ ಕಥೆಯನ್ನು ಅಂಗಪ್ಪನ್ ಹೇಳಿದ. ತಪ್ಪಾಯಿತಣ್ಣಾ ಅನ್ನುವಾಗ ಅವನ ಕಣ್ಣು ನೆಲ ನೋಡುತ್ತಿತ್ತು.

ಪೆರಿಯಸಾಮಿ ತನ್ನ ಬಲಗೈಯನ್ನು ನೋಡಿಕೊಂಡ. ಕೇಳಿದ್ದು ಅಂಗಪ್ಪನನ್ನಲ್ಲ, ಕನ್ನಿಯಮ್ಮಾಳನ್ನು.

"ಅಂದರೆ ನನ್ನ ಕೈ ಕೆಟ್ಟಿಲ್ಲವಾ ಅಮ್ಮಾ?"

ಈ ಪ್ರಶ್ನೆಯನ್ನು ಇಟ್ಟುಕೊಂಡು ಆರು ತಿಂಗಳು ಕಲಕುವುದೆಂದರೆ ಏನೆಂದು ಆ ಅಂಗಳದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಮುಂದೆ ಹೋಗಿ ಅವನ ಕೈಯನ್ನು ಮಗುಚಿ ನೋಡಿದಳು. ಬೆರಳ ಬುಡದಲ್ಲೆಲ್ಲ ಕೋಲು ಹಿಡಿದ ಜಡ್ಡು.

"ಕೆಟ್ಟಿಲ್ಲಪ್ಪಾ," ಅಂದಳು. "ಆ ಕೆಟ್ಟ ನೀರಲ್ಲೂ ಇಷ್ಟು ಚೆನ್ನಾಗಿ ಕಲಸಿದ ಕೈ."

ರಾಮಾಯಿ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋಗಿ ಗಂಡನ ಅಂಗಿ ತಂದುಕೊಟ್ಟಳು. ಪೆರಿಯಸಾಮಿ ಗುಂಡಿ ಹಾಕಿಕೊಳ್ಳುತ್ತಾ, ಸುಣ್ಣ ಎಷ್ಟು ಹಾಕಿದಿರಿ ಎಂದು ಕೇಳಿದ. ನಿಂಬೆಹಣ್ಣಿನಷ್ಟು ಅಂದಾಗ ಅವನು ಮೊದಲ ಸಲ ನಕ್ಕ. ನಾಳೆ ಭಾನುವಾರವೆಲ್ಲ ಎಳೆದರೆ ಐನೂರು ಆನೆ ಮುಗಿಯುತ್ತದೆ, ಆದರೆ ಸೋಮವಾರ ಬರುವ ಹೊಸ ಪುಡಿಗೆಂದು ನೀರಿಗೆ ಸೋಡಾವನ್ನು ಈಗಲೇ ಹಾಕಿಡಬೇಕು ಅಂದ.

ಸ್ಕೂಟರಿಗೆ ಮೂವರು ಹಿಡಿಯುವಂತಿರಲಿಲ್ಲ. ಅತ್ತೆಯನ್ನು ಬಿಟ್ಟು ಹೋಗುವುದೋ, ಅವನನ್ನು ಬಿಡುವುದೋ ಎಂದು ಅಂಗಪ್ಪನ್ ಲೆಕ್ಕ ಹಾಕುವಷ್ಟರಲ್ಲಿ ಅವರಿಬ್ಬರೂ ಹೊರಟೇಬಿಟ್ಟಿದ್ದರು. ಗಂಜಿಯನ್ನು ಮೂರು ದಿನ ಇಡುವುದು ಹೇಗೆ ಎಂದು ಪೆರಿಯಸಾಮಿ ಕೇಳುತ್ತಿದ್ದ. ಗಮ್ಮಿಗೆ ಯಾವ ಬಣ್ಣ ಮೊದಲು ಹೊಂದುತ್ತದೆ ಎಂದು ಇವಳು ಕೇಳುತ್ತಿದ್ದಳು. ಅಂಗಪ್ಪನ್ ಸ್ಕೂಟರನ್ನು ತಳ್ಳಿಕೊಂಡು ಅವರ ಹಿಂದೆ ಮನೆಯವರೆಗೂ ನಡೆದ.